ಸೀರೆಯಂಚಿನ ಕೇಕು

ಸ್ಕೂಟರಿನ ಸದ್ದು ಹೊಂಗೆ ಮರದ ಹತ್ತಿರ ಬಂದು ನಿಂತಿತು. ಎರಡು ವರ್ಷದಿಂದ ಪ್ರತಿ ಭಾನುವಾರವೂ ಅದು ಅಲ್ಲೇ ನಿಲ್ಲುತ್ತಿತ್ತು. ಆ ಮರಕ್ಕೂ ಮನೆಯ ಬಾಗಿಲಿಗೂ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ಚಲಪತಿ ಒಂದು ದಿನವೂ ನಡೆದವನಲ್ಲ. ಎರಡು ಸಲ ಹಾರ್ನ್ ಮಾಡುವನು, ಮಗಳು ಗಾನವಿ ಬ್ಯಾಗು ತೂಗಾಡಿಸುತ್ತ ಓಡುವಳು, ಸಂಜೆ ಅದೇ ಮರದಡಿ ತಂದು ಇಳಿಸಿ ಹೋಗುವನು. ಹಾರ್ನ್ ಕೇಳಿದ ಮೇಲೆ ರಂಜಿತ ಕಿಟಕಿಯ ಬಳಿ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿರಲಿಲ್ಲ ಎಂದರೆ, ನಿಂತದ್ದು ಕಾಣದ ಹಾಗೆ ನಿಲ್ಲುತ್ತಿದ್ದಳು.

ಈ ಭಾನುವಾರ ಹಾರ್ನ್ ಆದರೂ ಗಾನವಿ ಓಡಲಿಲ್ಲ. ಅವಳಿಗೆ ಇವತ್ತು ಆರು ತುಂಬಿತ್ತು. ಹೊಸ ಫ್ರಾಕಿನ ಬೆನ್ನ ಗುಂಡಿ ಹಾಕಿಸಿಕೊಳ್ಳದೆಯೇ ಬಾಗಿಲಲ್ಲಿ ನಿಂತು ಕೂಗಿದಳು.

“ಅಪ್ಪಾ, ಒಳಗೆ ಬನ್ನಿ! ಕೇಕ್ ಮಾಡ್ಬೇಕು!”

“ಅಲ್ಲಿ ಅಜ್ಜಿ ಬೇಕರೀಲಿ ಆರ್ಡರ್ ಕೊಡ್ತೀನಿ ಅಂದಿದಾರೆ ಪುಟ್ಟಿ.”

“ಬೇಕರಿದು ಬೇಡ. ನಮ್ ಕ್ಲಾಸಿನ ಪ್ರಿಯಾಂಕಂಗೆ ಅವರಪ್ಪ ಅಮ್ಮ ಇಬ್ರೂ ಸೇರಿ ಮನೇಲೇ ಮಾಡಿದ್ರಂತೆ. ನನಗೂ ಅಮ್ಮ ಮಾಡ್ಬೇಕು, ನೀವು ಡಿಸೈನ್ ಹಾಕ್ಬೇಕು. ಸೀರೆ ಥರ. ಅಜ್ಜಿಗೆ ಬೇಡ ಅಂತ ಹೇಳ್ಬಿಡಿ.”

“ಹೇಳ್ತೀನಿ,” ಎಂದ ಚಲಪತಿ. ಎಂದವನು ಅಲ್ಲೇ ನಿಂತ.

“ಬನ್ನಿ ಅಳಿಯಂದ್ರೇ,” ಎಂದರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಸಂಜೀವಪ್ಪ. “ಎರಡು ವರ್ಷದಿಂದ ಆ ಹೊಂಗೆ ಮರಕ್ಕೇ ಅಳಿಯ ಆಗ್ಬಿಟ್ಟಿದೀರಿ. ಇವತ್ತೊಂದಿನ ನಮಗೂ ಆಗಿ.”

ಇಪ್ಪತ್ತು ಹೆಜ್ಜೆ. ಅಡುಗೆಮನೆಯಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹಾಸುತ್ತಿದ್ದ ರಂಜಿತಳಿಗೆ ಒಂದೊಂದೂ ಕೇಳಿಸಿತು. ಅವಳು ತಿರುಗಲಿಲ್ಲ. ಉಪ್ಪು ಆಗಲೇ ಸಮನಾಗಿ ಕೂತಿತ್ತು, ಆದರೂ ಬೆರಳಿಂದ ಮತ್ತೆ ಸಮ ಮಾಡಿದಳು.

“ಓವನ್ ಇಲ್ವಲ್ಲ,” ಎಂದ ಚಲಪತಿ ಬಾಗಿಲ ಚೌಕಟ್ಟಿಗೆ ಒರಗಿ. ಎರಡು ವರ್ಷದ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

“ಕುಕ್ಕರ್ ಇದೆ.”

“ವಿಷಲ್ ಹಾಕಿಲ್ಲ ನೀನು.”

“ಕೇಕಿಗೆ ವಿಷಲ್ ಹಾಕಲ್ಲ.”

“ಮತ್ತೆ ಬೆಂದಿದ್ದು ಹೇಗೆ ಗೊತ್ತಾಗತ್ತೆ?”

“ಕೂಗದೆ ಇರೋದನ್ನೆಲ್ಲ ಕಡ್ಡಿ ಚುಚ್ಚೇ ನೋಡ್ಬೇಕು,” ಎಂದಳು ರಂಜಿತ.

ಜಗಲಿಯಿಂದ ಸಂಜೀವಪ್ಪ ನಕ್ಕಿದ್ದು ಕೇಳಿಸಿತು.

ನಾಳೆ ಸೋಮವಾರ. ಹತ್ತೂವರೆಗೆ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಇಬ್ಬರೂ ಕೊನೆಯ ಸಲ ಎದುರಾಗಬೇಕಿತ್ತು. ವಿಚ್ಛೇದನಕ್ಕೆ ಇಬ್ಬರಿಗೂ ಒಪ್ಪಿಗೆಯೇ ಎಂದು ಕೇಳುತ್ತಾರೆ, ಹೂಂ ಎಂದರೆ ಮುಗಿಯಿತು ಎಂದಿದ್ದರು ವಕೀಲರು. ಒಬ್ಬರು ಬರದಿದ್ದರೂ ಆಗುವುದಿಲ್ಲವಮ್ಮ, ಎಂದೂ ಹೇಳಿದ್ದರು. ಆ ಎರಡನೆಯ ಮಾತನ್ನು ರಂಜಿತ ಯಾರಿಗೂ ಹೇಳದೆ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಕುಂಕುಮದ ಹಾಗೆ ಕಾಪಾಡಿಕೊಂಡು ಬಂದಿದ್ದಳು.

*

ಅವರಿಬ್ಬರ ಪ್ರೀತಿ ಹುಟ್ಟಿದ್ದು ಸದ್ದಿನೊಳಗೆ.

ಹತ್ತೊಂಬತ್ತರ ಹುಡುಗಿ ರಂಜಿತ ತೂಬಗೆರೆಯಿಂದ ದಿನಾ ಬೆಳಗ್ಗೆ ಬಸ್ಸು ಹಿಡಿದು ದೊಡ್ಡಬಳ್ಳಾಪುರದ ಅಕ್ಕಯ್ಯಮ್ಮನವರ ಮಗ್ಗದ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ಪುಟ್ಟ ನೂಲಿನ ಉರುಳೆ ಅದು. ಹನ್ನೆರಡು ಪವರ್‌ಲೂಮು ಒಟ್ಟಿಗೆ ಬಡಿಯುವ ಆ ಮನೆಯಲ್ಲಿ ಕಿವಿಯ ಹತ್ತಿರ ಕೂಗಿದರೂ ಮಾತು ಕೇಳುವುದಿಲ್ಲ. ಅಲ್ಲಿ ದುಡಿಯುವವರೆಲ್ಲ ದನಿಯಿಲ್ಲದೆ ತುಟಿ ಮಾತ್ರ ಆಡಿಸಿ ಮಾತಾಡುತ್ತಾರೆ. ಎದುರಿಗಿದ್ದವರು ತುಟಿ ನೋಡಿ ತಿಳಿಯುತ್ತಾರೆ. ನೂಲು ತಾ, ಲಾಳಿ ಕೊಡು, ಊಟಕ್ಕೆ ಹೋಗೋಣ, ಎಲ್ಲವೂ ತುಟಿಯಲ್ಲೇ.

ಮನೆಯ ಮಗ ಚಲಪತಿ ಸೀರೆಯಂಚಿಗೆ ಚಿತ್ರ ಬರೆಯುವವನು. ಗ್ರಾಫ್ ಕಾಗದದ ಚೌಕಗಳಲ್ಲಿ ಹಂಸ, ನವಿಲು, ಗೋಪುರ, ರುದ್ರಾಕ್ಷಿ ತುಂಬುತ್ತ ಮೂಲೆಯಲ್ಲಿ ಕೂರುತ್ತಿದ್ದ. ಒಂದು ಮಧ್ಯಾಹ್ನ ತಲೆಯೆತ್ತಿ, ಮೂರು ಮಗ್ಗಗಳಾಚೆ ಕೂತಿದ್ದ ಅವಳ ಕಡೆಗೆ ತುಟಿ ಆಡಿಸಿದ. ‘ಬಿಂದಿ ಕೆಳಗೆ ಬಿದ್ದಿದೆ.’ ಅವಳು ಹಣೆ ಮುಟ್ಟಿ ನೋಡಿಕೊಂಡಳು. ‘ಸುಳ್ಳು,’ ಎಂದಳು. ‘ಮುಟ್ಟಿ ನೋಡ್ಕೊಂಡ್ಯಲ್ಲ, ಸಾಕು,’ ಎಂದ. ಸುತ್ತ ಹತ್ತು ಜನ ಇದ್ದರು, ಒಬ್ಬರಿಗೂ ಕೇಳಲಿಲ್ಲ. ಜಗತ್ತಿನ ನಟ್ಟನಡುವೆ ಕೂತು ಗುಟ್ಟು ಆಡುವ ಆ ಸುಖ ಎಂಥದು!

ಕರೆಂಟು ಹೋದಾಗ ಮಾತ್ರ ಬೇರೆಯ ಆಟ. ಹನ್ನೆರಡು ಮಗ್ಗವೂ ಒಮ್ಮೆಲೇ ನಿಂತು, ಮನೆಯೊಳಗೆ ಮೌನ ದೊಪ್ಪೆಂದು ಬೀಳುವುದು. ಆಗ ಚಲಪತಿಯ ತುಟಿಯೂ ನಿಲ್ಲುವುದು. ಕಿವಿ ಕೆಂಪಾಗಿ ಕಾಗದದ ಮೇಲೆ ಬಗ್ಗುವನು. ಮಗ್ಗ ಓಡುವಾಗ ಅಷ್ಟು ಮಾತಾಡುವ ಗಂಡಸು ಮಗ್ಗ ನಿಂತರೆ ಮೂಕನಾಗುವುದನ್ನು ನೋಡಿ ರಂಜಿತ ಕಂಡಿಕೆಯ ಬುಟ್ಟಿಯೊಳಗೆ ಮುಖವಿಟ್ಟು ನಗುತ್ತಿದ್ದಳು. ಅದನ್ನವಳು ನಾಚಿಕೆ ಎಂದುಕೊಂಡಿದ್ದಳು.

ಮದುವೆಯಾಯಿತು. ಅಕ್ಕಯ್ಯಮ್ಮ ಬೇಡವೆಂದರೂ ಆಯಿತು. ಆದರೆ ಸೊಸೆಯ ಹೆಸರು ಆ ಮನೆಯಲ್ಲಿ ‘ಕಂಡಿಕೆಯೋಳು’ ಎಂದೇ ಉಳಿಯಿತು. ಗಾನವಿಯ ನಾಲ್ಕನೆಯ ಹುಟ್ಟುಹಬ್ಬಕ್ಕೆ ಸಂಜೀವಪ್ಪ ತೂಬಗೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕೇಕು ತಂದರು. ನೂಕುನುಗ್ಗಲಲ್ಲಿ ಡಬ್ಬ ಒಂದು ಮಗ್ಗುಲು ಅಪ್ಪಚ್ಚಿಯಾಗಿತ್ತು. ನೆಂಟರೆಲ್ಲ ನೋಡುತ್ತಿರುವಾಗ ಅಕ್ಕಯ್ಯಮ್ಮ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, “ಹಿತ್ತಿಲ ನಾಯಿಗೆ ಹಾಕ್ರೋ,” ಎಂದಳು. ಸಂಜೀವಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಚಲಪತಿ ಎರಡು ಮಾರು ದೂರದಲ್ಲಿ ನಿಂತಿದ್ದ.

ಆಮೇಲೆ ರಂಜಿತ ಕೇಳಿದಾಗ ಅವನು ಹೇಳಿದ: “ಮಗ್ಗದ ಸದ್ದಲ್ಲಿ ನನಗೆ ಕೇಳಿಸಲಿಲ್ಲ.”

ತುಟಿ ನೋಡಿ ಮಾತು ತಿಳಿಯುವ ಮನೆಯಲ್ಲಿ ಹುಟ್ಟಿ ಬೆಳೆದವನು!

ಮರುದಿನ ಅವಳು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಚಲಪತಿ ಸ್ಟ್ಯಾಂಡಿನವರೆಗೂ ಬಂದಿದ್ದ. ಕಿಟಕಿಯ ಕೆಳಗೆ ನಿಂತು ತುಟಿ ಆಡಿಸಿದ: ‘ಹೋಗ್ಬೇಡ.’ ಅವಳು ಕಂಡಳು, ಚೆನ್ನಾಗಿಯೇ ಕಂಡಳು. ದನಿಗಾಗಿ ಕಾದಳು. ಬಸ್ಸು ಹೊರಟಿತು.

*

“ಸಕ್ಕರೆ ಪುಡಿ ಮಾಡ್ಕೋಬೇಕು, ಸ್ವಲ್ಪ ಜರುಗಿ,” ಎಂದು ರಂಜಿತ ಮಿಕ್ಸಿಯನ್ನು ಎಳೆದುಕೊಂಡಳು.

ಮಿಕ್ಸಿ ಗರ್ರೆಂದಿತು. ಆ ಸದ್ದಿನ ನಡುವೆ ಅವಳು ಸುಮ್ಮನೆ ತಲೆಯೆತ್ತಿದಳು. ಚಲಪತಿಯ ತುಟಿ ಆಡುತ್ತಿತ್ತು.

‘ಸಣ್ಣ ಆಗಿದೀಯ.’

ಅವಳು ಮಿಕ್ಸಿ ಆರಿಸಿದಳು. “ಏನು?”

“ಏನಿಲ್ಲ.”

ಮತ್ತೆ ಹಾಕಿದಳು. ‘ಆ ಸೀರೆ ಇನ್ನೂ ಇಟ್ಕೊಂಡಿದೀಯ,’ ಎಂದವು ತುಟಿಗಳು. ಅವಳು ಉಟ್ಟದ್ದು ಅವನೇ ಬರೆದ ಜೋಡಿ ಹಂಸದ ಅಂಚಿನ ಸೀರೆ. ಹಬ್ಬಕ್ಕೆಂದು ಉಟ್ಟದ್ದು, ಅಷ್ಟೇ ಎಂದು ಬೆಳಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ‘ಬೇರೆ ಸೀರೆ ಒಗೆದು ಹಾಕಿದೆ,’ ಎಂದವು ಅವಳ ತುಟಿಗಳು. ‘ಸುಳ್ಳು,’ ಎಂದ. ‘ಹೌದು, ಸುಳ್ಳು. ಏನೀಗ?’ ಎಂದಳು.

ಸಕ್ಕರೆ ಎಂದೋ ನುಣ್ಣಗಾಗಿ ವಿಭೂತಿಯಂತಾಗಿತ್ತು. ಆದರೂ ಅವಳ ಬೆರಳು ಗುಂಡಿಯಿಂದ ಮೇಲೇಳಲಿಲ್ಲ.

“ಅಮ್ಮಾ, ಸುಟ್ಟ ವಾಸನೆ ಬರ್ತಿದೆ!” ಎಂದಳು ಗಾನವಿ. ಮಿಕ್ಸಿ ಬಿಸಿಯಾಗಿ ಹೊಗೆಯಾಡುವ ಹಾಗಿತ್ತು. ಇಬ್ಬರೂ ಒಟ್ಟಿಗೆ ಸ್ವಿಚ್ಚಿಗೆ ಕೈ ಹಾಕಿದರು. ಬೆರಳಿಗೆ ಬೆರಳು ತಾಗಿ, ಇಬ್ಬರೂ ಒಟ್ಟಿಗೇ ತೆಗೆದರು.

ಮೈದಾ, ಸಕ್ಕರೆ, ಮೊಸರು, ಚಿಟಿಕೆ ಸೋಡ. ಮೊಟ್ಟೆ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಹಿಟ್ಟನ್ನು ಒಂದೇ ದಿಕ್ಕಿಗೆ ಕಲಸಬೇಕೆಂದು ರಂಜಿತ, ಯಾವ ದಿಕ್ಕೆಂದು ಚಲಪತಿ. ಮೂಗಿನ ಮೇಲೆ ಹಿಟ್ಟು ಬಳಿದುಕೊಂಡ ಗಾನವಿ ಇಬ್ಬರ ನಡುವೆ ಸ್ಟೂಲಿನ ಮೇಲೆ ನಿಂತು ಪಟೇಲರಂತೆ ತೀರ್ಪು ಕೊಟ್ಟಳು. “ಅಪ್ಪ ತಪ್ಪು. ಅಮ್ಮ ಸರಿ. ಮುಂದಕ್ಕೆ ನಡೀರಿ.”

“ನೋಡಪ್ಪಾ, ಜಡ್ಜಮ್ಮ ಹೇಳಿಬಿಟ್ರು,” ಎಂದರು ಹಿಂದಿನಿಂದ ಸಂಜೀವಪ್ಪ.

ಜಡ್ಜ್ ಎಂಬ ಮಾತಿಗೆ ರಂಜಿತ ಹಿಟ್ಟಿನ ಕಡೆಗೆ, ಚಲಪತಿ ಕುಕ್ಕರಿನ ಕಡೆಗೆ ತಿರುಗಿದರು.

ಕೇಕು ಕುಕ್ಕರಿನಲ್ಲಿ ಬೇಯುವಾಗ ಸಂಜೀವಪ್ಪ ಜಗಲಿಯಲ್ಲಿ ಷಟ್ಪದಿಯೊಂದನ್ನು ಎತ್ತಿಕೊಂಡರು. ಅದು ಅವರ ದಿನದ ಪೂಜೆ. ರಂಜಿತ ಹುಟ್ಟಿದಾಗಿನಿಂದ ಕೇಳುತ್ತ ಬಂದ ದನಿ, ಈಗ ತುಸು ನಡುಗುತ್ತಿದ್ದರೂ ತಾರಕಕ್ಕೆ ಅಂಜುತ್ತಿರಲಿಲ್ಲ.

“ತಾತ, ಮನಸ್ಸಲ್ಲೇ ಓದ್ಕೋಬಹುದಲ್ವಾ? ನಮ್ ಮಿಸ್ ಹಾಗೇ ಹೇಳ್ತಾರೆ,” ಎಂದಳು ಗಾನವಿ.

“ಓದ್ಬೋದು ಮಗಾ. ಆದ್ರೆ ಬಾಯಿಂದ ಹೊರಗೆ ಬರ್ದೆ ಇದ್ರೆ ಪದ್ಯ ಪುಸ್ತಕದಲ್ಲೇ ಇರ್ತದೆ. ನಾಕು ಜನದ ಕಿವಿಗೆ ಬಿದ್ರೇನೇ ಅದಕ್ಕೆ ಜೀವ.”

ಅಷ್ಟರಲ್ಲಿ ಚಲಪತಿಯ ಫೋನು ಹೊಡೆದುಕೊಂಡಿತು. ಮಗ್ಗದ ಮನೆಯವರ ಫೋನಿನ ದನಿ ಯಾವಾಗಲೂ ದೊಡ್ಡದು. ಕಿವಿಗೆ ಒತ್ತಿ ಹಿಡಿದರೂ ಅಕ್ಕಯ್ಯಮ್ಮನ ಮಾತು ಅಡುಗೆಮನೆಯ ತುಂಬ ಕೇಳಿಸಿತು.

“ಎಲ್ಲಿದೀಯೋ? ಇನ್ನೂ ಅಲ್ಲೇ ಕೂತಿದೀಯಾ? ಆ ಕಂಡಿಕೆಯೋಳ ಮನೇಲಿ ನೀರು ಗೀರು ಕುಡೀಬೇಡ. ನಾಳೆ ಒಂದು ದಿನ ಕಳೀಲಿ, ಏನಾದ್ರೂ ಹಾಕ್ಕೊಟ್ಟಾಳು. ಕೇಳ್ತಿದ್ಯಾ?”

“ಹೂಂ ಅಮ್ಮ.”

“ಬೇಕರಿಯವನಿಗೆ ಐದಕ್ಕೆ ಕೇಕು ಬೇಕು ಅಂತ ಹೇಳಿದೀನಿ.”

ಗಾನವಿ ಅಪ್ಪನ ಅಂಗಿ ಜಗ್ಗಿದಳು. ಬೇಡ ಅನ್ನಿ, ಬೇಡ ಅನ್ನಿ.

“ಹೂಂ ಅಮ್ಮ,” ಎಂದ ಚಲಪತಿ.

ಅಳಿಯನಿಗೆಂದು ಕಾಫಿ ಲೋಟ ಹಿಡಿದು ಬಂದಿದ್ದ ಸಂಜೀವಪ್ಪ ಬಾಗಿಲಲ್ಲೇ ನಿಂತಿದ್ದರು. ಲೋಟವನ್ನು ಕಟ್ಟೆಯ ಮೇಲಿಟ್ಟು, ಮತ್ತೆ ಅವರೆಕಾಯಿಯ ಮುಂದೆ ಹೋಗಿ ಕೂತರು. ಪದ್ಯ ಮುಂದುವರಿಯಲಿಲ್ಲ.

ಚಲಪತಿ ಫೋನು ಜೇಬಿಗಿಟ್ಟ. ಲೋಟ ಎತ್ತಿಕೊಂಡ. ಕುದಿಯುವ ಕಾಫಿಯನ್ನು ನಾಲಿಗೆ ಸುಡುವಂತೆ ಒಂದೇ ಗುಟುಕಿಗೆ ಕುಡಿದು, ಖಾಲಿ ಲೋಟವನ್ನು ರಂಜಿತಳಿಗೆ ಕಾಣುವ ಹಾಗೆ ಇಟ್ಟ. ಅವನ ಧೈರ್ಯವೆಲ್ಲ ಯಾವಾಗಲೂ ಹೀಗೇ, ಫೋನು ಇಟ್ಟ ಮೇಲೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಸುಟ್ಟ ನಾಲಿಗೆಗಾಗಿ ಅವಳ ಎದೆ ಕರಗಿತು. ಪ್ರೀತಿಗೆ ಮಾನವಿಲ್ಲ.

*

ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ. ಕೇಕು ಬೆಂದಿತ್ತು. ಆದರೆ ತಟ್ಟೆಗೆ ಮಗುಚಿ ಮತ್ತೆ ನೆಟ್ಟಗೆ ಮಾಡಿದಾಗ ನಡುವೆ ಅಂಗೈಯಗಲ ಕುಸಿದಿತ್ತು.

“ಕೆರೆ ಥರ ಆಗಿದೆ,” ಎಂದು ಗಾನವಿ ಮುಖ ಸಣ್ಣದು ಮಾಡಿದಳು.

“ಕೆರೆ ಆದ್ರೆ ಒಳ್ಳೇದೇ ಅಲ್ವಾ? ನೀರು ತುಂಬಿಸೋಣ,” ಎಂದು ಚಲಪತಿ ತೋಳು ಮಡಿಸಿದ. “ನಿನ್ನ ಲೆಕ್ಕದ ಪುಸ್ತಕ ತಗೊಂಬಾ. ಚೌಕ ಇರೋದು.”

ಪುಷ್ಯದ ಚಳಿಗೆ ಕ್ರೀಮು ಬೇಗ ಗಟ್ಟಿಯಾಯಿತು. ಬೀಟ್‌ರೂಟ್ ರಸದಲ್ಲಿ ಒಂದಿಷ್ಟು ಕೆಂಪಾಯಿತು, ಕೇಸರಿ ನೆನೆಸಿದ ಹಾಲಿನಲ್ಲಿ ಒಂದಿಷ್ಟು ಜರಿಯ ಬಣ್ಣಕ್ಕೆ ಬಂತು. ತೊಳೆದು ಒರೆಸಿದ ಹಾಲಿನ ಕವರಿನ ಮೂಲೆಯನ್ನು ರಂಜಿತ ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿದಳು. ಚಲಪತಿ ಚೌಕದ ಹಾಳೆಯ ಮೇಲೆ ಅಂಚು ಬರೆದುಕೊಂಡು, ಕವರು ಹಿಡಿದು ಕೇಕಿನ ಮೇಲೆ ಬಗ್ಗಿದ.

ಆ ಕೈಯನ್ನು ರಂಜಿತ ಮರೆತಿದ್ದೇನೆಂದುಕೊಂಡಿದ್ದಳು. ಉಸಿರು ಬಿಗಿಹಿಡಿದು, ಕಿರುಬೆರಳನ್ನು ಊರುಗೋಲಿನಂತೆ ಊರಿ, ಅವನು ಸುತ್ತಲೂ ರುದ್ರಾಕ್ಷಿಯ ಸಾಲು ಇಟ್ಟ. ಅದರ ಮೇಲೆ ಗೋಪುರದ ಸಾಲು. ಒಳಗೆ ಕುಸಿದ ಜಾಗಕ್ಕೆ ಅವಳು ಬಿಳಿ ಕ್ರೀಮು ತುಂಬಿ ನೀರು ಮಾಡಿದಳು. ಆ ನೀರಿನ ಮೇಲೆ ಅವನು ಒಂದು ಹಂಸ ಬಿಟ್ಟ. ಎದುರಿಗೆ ಇನ್ನೊಂದು. ಎರಡರ ನಡುವೆ ಒಂದು ಮರಿ.

“ಅದು ನಾನು!” ಗಾನವಿ ಚಪ್ಪಾಳೆ ತಟ್ಟಿ ತಾತನನ್ನು ಕರೆಯಲು ಓಡಿದಳು.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಸದ್ದಿಲ್ಲ. ಮಿಕ್ಸಿಯಿಲ್ಲ, ಮಗ್ಗವಿಲ್ಲ.

“ನಾಳೆ...” ಎಂದ ಚಲಪತಿ.

“ಹತ್ತೂವರೆಗೆ.”

“ಹೋಗ್ಲೇಬೇಕಾ?”

ರಂಜಿತಳ ಕೈಯ ಬಟ್ಟಲು ಕಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು. “ನೀವೇ ಹೇಳಿ.”

ಅವನು ಹಂಸದ ಕಣ್ಣಿಗೆ ಒಂದು ಚುಕ್ಕೆ ಇಟ್ಟ. ಇನ್ನೊಂದರ ಕಣ್ಣಿಗೆ ಇಟ್ಟ. ಆಮೇಲೆ, ತುಟಿಯಲ್ಲಿ ಅಲ್ಲ, ದನಿಯಲ್ಲಿ, ಒಡೆದ ಸಣ್ಣ ದನಿಯಲ್ಲಿ ಹೇಳಿದ: “ಮನೆಗೆ ಬಾ ರಂಜಿ.”

ಎರಡು ವರ್ಷ ಈ ಮಾತಿಗಾಗಿ ಕಾದವಳು. ಮಾತು ಬಂದಾಗ ಮೊದಲು ಬಂದದ್ದು ಅಳು. ಅದನ್ನು ನುಂಗಿ, ಸೆರಗಿನಿಂದ ಅವನ ಕೆನ್ನೆಯ ಕೇಸರಿ ಕ್ರೀಮು ಒರೆಸಿದಳು. ಒರೆಸಿದ ಮೇಲೂ ಸೆರಗು ಅಲ್ಲೇ ಇತ್ತು.

“ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ತು?”

“ನಿನಗೆ ಕೇಳ್ತಲ್ಲ.”

“ನನಗೆ ಯಾವಾಗ್ಲೂ ಕೇಳ್ತಿತ್ತು ರೀ. ಮಗ್ಗ ಓಡ್ತಿದ್ರೂ ಕೇಳ್ತಿತ್ತು. ಬಸ್ಸಿನ ಕಿಟಕೀಲೂ ಕೇಳ್ತು.” ಅವಳು ದನಿ ತಗ್ಗಿಸಿದಳು. “ಸಂಜೆ ನಾನೂ ಬರ್ತೀನಿ. ನಿಮ್ಮ ಹೊಸಿಲ ಹತ್ರ ನಿಂತ್ಕೊತೀನಿ. ನಿಮ್ಮಮ್ಮನ ಎದುರಿಗೆ, ಅಲ್ಲಿ ಇರೋರ ಎದುರಿಗೆ, ಈ ಒಂದು ಮಾತು ಬಾಯಿಬಿಟ್ಟು ಹೇಳಿ. ಬೇರೆ ಏನೂ ಬೇಡ. ಜಗಳ ಬೇಡ, ಯಾರನ್ನೂ ಬೈಯೋದು ಬೇಡ. ಬಾ ಅನ್ನಿ, ಸಾಕು. ನಾಳೆ ನಾನು ಕೋರ್ಟಿಗೆ ಬರಲ್ಲ.”

“ಹೇಳ್ತೀನಿ.”

“ಬೇಕರಿ ಕೇಕು ಬೇಡ ಅಂತಲೂ ಹೇಳ್ತೀನಿ ಅಂದಿದ್ರಿ.”

“ಇಲ್ಲ ರಂಜಿ. ಇದನ್ನ ಹೇಳ್ತೀನಿ. ಮಗಳ ಆಣೆ...”

“ಮಗು ಮೇಲೆ ಆಣೆ ಇಡ್ಬೇಡಿ,” ಎಂದು ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅಂಗೈಗೆ ಅವನ ತುಟಿ ತಾಗಿತು. ಅವು ಆಗಲೂ ಏನನ್ನೋ ಆಡುತ್ತಿದ್ದವು.

*

ಬಸ್ಸಿನಲ್ಲಿ ಕೇಕು ಒಯ್ಯುವ ಮಾತೇ ಇರಲಿಲ್ಲ. ತೂಬಗೆರೆಯ ಮನೆಗೆ ಅದು ಮರೆಯುವ ಪಾಠವಲ್ಲ. ಗಾನವಿ ಸ್ಕೂಟರಿನ ಮುಂದೆ ನಿಂತಳು, ರಂಜಿತ ಹಿಂದೆ ಕೂತು ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿದಳು.

ಸಂಜೀವಪ್ಪ ದೇವರ ಮನೆಯಿಂದ ಪುಟ್ಟದೊಂದು ಹಿತ್ತಾಳೆ ದೀಪ ತಂದು ಮೊಮ್ಮಗಳ ಕೈಗೆ ಕೊಟ್ಟರು. “ಮೇಣದಬತ್ತಿ ಊದಿ ಆರಿಸ್ಬೇಡ ಮಗಾ. ಹುಟ್ಟಿದ ದಿನ ದೀಪ ಹಚ್ಚಬೇಕು, ಆರಿಸಬಾರ್ದು.” ಮಗಳ ಮುಖ ನೋಡಿದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. “ಹೋಗ್ಬಾ ತಾಯಿ,” ಎಂದರು, “ಬಾಗ್ಲು ತೆಗೆದೇ ಇರ್ತದೆ.” ಯಾವ ಬಾಗಿಲು ಎಂದು ಅವರು ಹೇಳಲಿಲ್ಲ.

ದಾರಿಯುದ್ದಕ್ಕೂ ಪ್ರತಿ ಹಂಪಿನಲ್ಲೂ ಚಲಪತಿ ಸ್ಕೂಟರನ್ನು ತೊಟ್ಟಿಲು ಇಳಿಸಿದ ಹಾಗೆ ಇಳಿಸಿದ. ಗಾನವಿ ಹೊಟ್ಟೆಯಲ್ಲಿದ್ದಾಗ ಹೀಗೇ ಓಡಿಸುತ್ತಿದ್ದ. ರಂಜಿತ ಅವನ ಬೆನ್ನನ್ನೇ ನೋಡಿದಳು. ಕಾಲರಿನ ಹತ್ತಿರ ಒಂದು ಹೊಲಿಗೆ ಬಿಟ್ಟಿತ್ತು. ನಾಳೆ ಹಾಕಬೇಕು ಅಂದುಕೊಂಡಳು. ನಾಳೆ ಎಂಬ ಪದ ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಹಗುರವಾಗಿ ಬಂತು. ರಾಗಿ ಕುಯ್ದ ಹೊಲಗಳ ಮೇಲೆ ಸಂಜೆಯ ಬಿಸಿಲು ಜರಿಯ ಹಾಗೆ ಬಿದ್ದಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿತು. ಗಾಳಿಯ ಸದ್ದಿನಲ್ಲಿ ತುಟಿ ಆಡಿತು: ‘ಭಯ ಆಗ್ತಿದ್ಯಾ?’

‘ನಿಮಗೆ?’ ಎಂದಳು ಅವಳು.

ಅವನು ನಕ್ಕು ರಸ್ತೆ ನೋಡಿದ.

*

ಮನೆಯ ಮುಂದೆ ಚಪ್ಪಲಿಗಳ ಗುಂಪು. ಬಾಗಿಲಿಗೆ ಬಲೂನು. ಹುಟ್ಟುಹಬ್ಬಕ್ಕೆಂದು ಮಗ್ಗ ನಿಲ್ಲಿಸಿದ್ದರು. ಆ ಬೀದಿಗೆ ಕಾಲಿಟ್ಟಾಗಿನಿಂದ ಹನ್ನೆರಡೂ ಒಟ್ಟಿಗೆ ಸುಮ್ಮನಿರುವುದನ್ನು ರಂಜಿತ ಕರೆಂಟು ಹೋದಾಗ ಬಿಟ್ಟರೆ ಕಂಡಿರಲಿಲ್ಲ. ಸೂಜಿ ಬಿದ್ದರೆ ಕೇಳುವಷ್ಟು ಮೌನ. ಒಳ್ಳೆಯದೇ ಆಯಿತು ಅಂದುಕೊಂಡಳು. ಇವತ್ತು ಸದ್ದಿನ ನೆಪ ಇಲ್ಲ.

ಹೊಸಿಲ ಹೊರಗೆ ನಿಂತಳು. ಒಳಗೆ ನಡುಮನೆಯ ಮೇಜಿನ ಮೇಲೆ ಬೇಕರಿಯ ಕೇಕು ಕೂತಿರುವುದು ಅಲ್ಲಿಂದಲೇ ಕಂಡಿತು. ಗುಲಾಬಿ ಬಣ್ಣದ ಎರಡಂತಸ್ತಿನದು.

ಪಕ್ಕದ ಮನೆಯ ಮುನಿವೆಂಕಟಮ್ಮ ಡಬ್ಬದೊಳಗೆ ಇಣುಕಿದಳು. “ಅಯ್ಯೋ, ಏನಮ್ಮ ಇದು, ಸೀರೆ ಅಂಚು ತರಾನೇ ಐತೆ! ಹಂಸ ನೋಡ್ರೇ, ಮರಿ ಬೇರೆ! ಉಡೋದಾ, ತಿನ್ನೋದಾ?”

ನೆಂಟರು ನಕ್ಕರು. ಆ ನಗು ನಿಲ್ಲುವಷ್ಟರಲ್ಲಿ ಅಕ್ಕಯ್ಯಮ್ಮ ಬಾಗಿಲಿಗೆ ಬಂದಳು. ಮೊಮ್ಮಗಳ ತಲೆ ಸವರಿದಳು. ರಂಜಿತಳನ್ನು ನೋಡಿದಳು, ಅವಳ ಸೀರೆಯ ಅಂಚನ್ನು ನೋಡಿದಳು.

“ಇಸ್ಕೊಳೋ ಚಲಪತಿ, ಅದನ್ನ ಒಳಗೆ ಎಲ್ಲಾದ್ರೂ ಪಕ್ಕಕ್ಕಿಡು. ಮೊದಲು ಬೇಕರಿದು ಕತ್ತರಿಸಾನ, ಜನ ಕಾಯ್ತಾವ್ರೆ. ನೀನು ಹೊರಡಮ್ಮ. ಕತ್ತಲಾಗಕ್ಕೆ ಮುಂಚೆ ತೂಬಗೆರೆ ಬಸ್ಸೈತೆ.”

ಚಲಪತಿ ಡಬ್ಬ ತೆಗೆದುಕೊಂಡು ಹೊಸಿಲ ಒಳಗೆ ಕಾಲಿಟ್ಟು ತಿರುಗಿ ನಿಂತ. ಯಾರೋ ಬಳೆ ಸರಿಮಾಡಿಕೊಂಡದ್ದು ಕೇಳಿಸಿತು. ರಂಜಿತ ಹೊಸಿಲ ಹೊರಗೆ, ಬರಿಗೈಯಲ್ಲಿ, ಅವನ ಮುಖವನ್ನೇ ನೋಡುತ್ತ ನಿಂತಳು. ಅವಳು ತುಟಿ ನೋಡಲಿಲ್ಲ. ಇವತ್ತು ತುಟಿ ನೋಡಬಾರದೆಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದಳು. ಕಣ್ಣನ್ನು ಮಾತ್ರ ನೋಡಿದಳು, ಕಿವಿಯನ್ನು ತೆರೆದಿಟ್ಟಳು.

ಅವನ ಕಿವಿ ಕೆಂಪಾಯಿತು. ಮೂರು ಮಗ್ಗಗಳಾಚೆ ಕೂತ ಹುಡುಗನ ಕಿವಿ ಕೆಂಪಾಗುತ್ತಿದ್ದುದು ಹೀಗೆಯೇ.

ನೋಡಬಾರದೆಂದುಕೊಂಡರೂ ಕಂಡಿತು. ತುಟಿಗಳು ಕೂಡಿ ಬಿಚ್ಚಿದವು.

‘ಬಾ.’

ದನಿ ಬರಲಿಲ್ಲ.

“ಅಪ್ಪ ಏನೋ ಅಂದ್ರು!” ಎಂದಳು ಗಾನವಿ, ದೀಪ ಹಿಡಿದುಕೊಂಡೇ. ಮಗ್ಗದ ಮನೆಯ ಕೂಸು, ಅವಳಿಗೂ ತುಟಿ ತಿಳಿಯುತ್ತಿತ್ತು. “ಅಪ್ಪಾ, ಜೋರಾಗಿ ಹೇಳಿ. ಮಗ್ಗ ನಿಂತಿದೆಯಲ್ಲ.”

“ಏನಂದ್ಯೋ?” ಎಂದಳು ಅಕ್ಕಯ್ಯಮ್ಮ, ಮಗನ ಕಡೆ ತಿರುಗಿ.

ಚಲಪತಿ ಕೈಯಲ್ಲಿದ್ದ ಕೇಕನ್ನು ನೋಡಿದ. ಎದುರುಬದುರಾದ ಎರಡು ಹಂಸಗಳನ್ನು, ನಡುವಿನ ಮರಿಯನ್ನು ನೋಡಿದ.

“ಏನಿಲ್ಲಮ್ಮ,” ಎಂದ. ಆ ಮಾತಿಗೆ ದನಿಯಿತ್ತು.

ರಂಜಿತ ಅಳಲಿಲ್ಲ. ಒಳಗೆ ಯಾವುದೋ ಎಳೆ ಪಟ್ಟೆಂದು ಕಡಿದಂತಾಯಿತು, ಅಷ್ಟೇ. ಮಗ್ಗದ ಹಾಸಿನಲ್ಲಿ ಎಳೆ ಕಡಿದರೆ ಗಂಟು ಹಾಕಿ ಮುಂದಕ್ಕೆ ನೇಯಬಹುದು. ಎಷ್ಟು ಸಲ ಹಾಕಿದ್ದಳು! ಇನ್ನು ಗಂಟು ಹಾಕಲು ಎಳೆಯೇ ಉದ್ದ ಉಳಿದಿರಲಿಲ್ಲ.

ಅವನು ತಲೆಯೆತ್ತಿದ. ಅವನ ಕಣ್ಣಲ್ಲಿ ನೀರಿತ್ತು. ಅವಳು ಅವನಿಗೆ ಮಾತ್ರ ಕಾಣುವ ಹಾಗೆ, ದನಿಯಿಲ್ಲದೆ, ಒಂದೊಂದೇ ಅಕ್ಷರವಾಗಿ ತುಟಿ ಆಡಿಸಿದಳು.

‘ಕೇಳಿಸಲಿಲ್ಲ.’

ಆಮೇಲೆ ಬಗ್ಗಿ ಮಗಳ ಫ್ರಾಕಿನ ಬೆನ್ನ ಗುಂಡಿ ಹಾಕಿದಳು. ಬೆಳಗಿನಿಂದ ಅದು ಹಾಗೇ ಉಳಿದಿತ್ತು. ಕೆನ್ನೆಗೆ ಮುತ್ತಿಟ್ಟಳು.

“ಎಲ್ಲರ್ಗೂ ಕೊಟ್ಟು ತಿನ್ನು ಕಂದ. ಅಂಚು ಅಪ್ಪ ತುಂಬ ಚೆನ್ನಾಗಿ ಬರೆದಿದಾರೆ. ದೀಪ ಊದಬೇಡ.”

“ನೀನು ಬರಲ್ವಾ?”

“ನಾಳೆ ಬೆಳಗ್ಗೆ ನಿನ್ನ ಕರ್ಕೊಂಡು ಹೋಗೋಕೆ ಬರ್ತೀನಿ.”

ಎದ್ದು ನಿಂತಳು. ಅಪ್ಪ ಪದ್ಯ ಎತ್ತಿಕೊಳ್ಳುವಾಗ ಬರುವಂಥ ದನಿ, ನಡುಗಿದರೂ ಅಂಜದ ದನಿ, ಅವಳ ಗಂಟಲಿನಿಂದ ಬಂತು. ನಡುಮನೆಯಲ್ಲಿದ್ದವರೂ, ಎದುರು ಮನೆಯ ಜಗಲಿಯವರೂ ಕೇಳಿಸಿಕೊಂಡರು.

“ನಾಳೆ ಹತ್ತೂವರೆಗೆ ಕೋರ್ಟು. ತಡ ಮಾಡ್ಬೇಡಿ.”

ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದೊಂದೇ. ಹೆಬ್ಬೆರಳಿನ ಉಗುರ ಸಂದಿನಲ್ಲಿ ಕೇಸರಿ ಕ್ರೀಮು ಒಣಗಿ ನಿಂತಿತ್ತು. ಸೆರಗಿಗೆ ಉಜ್ಜಿದಳು, ಹೋಗಲಿಲ್ಲ.

ತಿರುವಿಗೆ ಬಂದಾಗ ಹಿಂದೆ ಹ್ಯಾಪಿ ಬರ್ತ್‌ಡೇ ಹಾಡು ಎದ್ದಿತು. ಅಕ್ಕಯ್ಯಮ್ಮನ ಗಟ್ಟಿ ದನಿ, ಮುನಿವೆಂಕಟಮ್ಮನ ಒಡಕು ದನಿ, ಮಕ್ಕಳ ಕಿರುಚಾಟ, ಎಲ್ಲದರ ಮೇಲೆ ತೇಲುವ ಗಾನವಿಯ ಎಳೆ ದನಿ. ರಂಜಿತ ಒಂದು ಗಳಿಗೆ ನಿಂತು, ಅದರೊಳಗೆ ಇನ್ನೊಂದು ದನಿಯನ್ನು ಹುಡುಕಿದಳು.

ಸಿಗಲಿಲ್ಲ. ತುಟಿ ಮಾತ್ರ ಆಡುತ್ತಿದ್ದಿರಬೇಕು.